ಕೈಕೆಲಸದ ಬ್ರೋಚ್ ಮಾತಿಗೆ ನೆಪವಾಗಬಲ್ಲುದೇ? ಅನುಭವ ತಿಳಿಸಿ

ಪ್ರಶ್ನೆ: ಅಪರಿಚಿತರಿರುವ ಕೂಟಗಳಲ್ಲಿ ನಾನಾಗಿ ಮಾತಿಗಿಳಿಯುವುದು ನನಗೆ ಕಷ್ಟ. ಬಿಡುವಿನಲ್ಲಿ ಪುಟ್ಟ ಕಸೂತಿ ಚಿತ್ರಗಳನ್ನು ಹೊಲಿದು ಬ್ರೋಚ್ (ಉಡುಪಿಗೆ ಸಿಕ್ಕಿಸಿಕೊಳ್ಳುವ ಅಲಂಕಾರದ ಪಿನ್ನು) ಮಾಡಿಕೊಳ್ಳುತ್ತೇನೆ. ಅವನ್ನು ಧರಿಸಿ ಹೋದರೆ ಜನರು "ಚೆನ್ನಾಗಿದೆ" ಎನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದು ಮುಂದುವರಿಯುವಂತೆ ಮಾಡಲು ಏನು ಮಾಡಬಹುದೆಂದು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ದಾರದ ಕೆಲಸ ಮಾಡುವವರೊಬ್ಬರು: ನೋಡಿದೊಡನೆ ಪೂರ್ತಿ ಅರ್ಥವಾಗಿಬಿಡುವ ಚಿತ್ರದ ಮುಂದೆ ಮೆಚ್ಚುವುದನ್ನು ಬಿಟ್ಟು ಬೇರೇನೂ ಮಾಡಲು ಉಳಿದಿರುವುದಿಲ್ಲ. ಹೂವಿನ ಬ್ರೋಚ್ ಧರಿಸುತ್ತಿದ್ದಾಗ ನನಗೂ ಹಾಗೆಯೇ ಆಗುತ್ತಿತ್ತು. ಒಂದು ಏಣಿಯನ್ನೂ ಅದರ ತುದಿಯಲ್ಲಿ ಕುಳಿತ ಮೀನನ್ನೂ ಹೊಲಿದು ಧರಿಸತೊಡಗಿದ ಮೇಲೆ, ಆ ಮೀನು ಅಲ್ಲಿಗೆ ಹೇಗೆ ಹತ್ತಿತು ಎಂದು ಕೇಳುವವರು ಸಿಕ್ಕತೊಡಗಿದರು. ನಾನು ಕಥೆ ಹೇಳುವುದಿಲ್ಲ, "ನಿಮಗೇನನ್ನಿಸುತ್ತದೆ?" ಎಂದು ಕೇಳುತ್ತೇನೆ, ಆಮೇಲೆ ಮಾತಾಡುವವರು ಅವರೇ ಆದ್ದರಿಂದ ಸಂಕೋಚದವರಿಗೆ ಇದು ಅನುಕೂಲ. ಅಮೆರಿಕದ ರಾಜತಾಂತ್ರಿಕರಾಗಿದ್ದ ಮ್ಯಾಡೆಲಿನ್ ಆಲ್‌ಬ್ರೈಟ್ ಅವರನ್ನು 1990ರ ದಶಕದಲ್ಲಿ ಇರಾಕಿನ ಸರ್ಕಾರಿ ಪತ್ರಿಕೆಗಳು ಸರ್ಪವೆಂದು ಜರೆದಾಗ, ಅವರು ಇರಾಕ್ ಕುರಿತ ಸಭೆಗೆ ಹಾವಿನ ಬ್ರೋಚ್ ಧರಿಸಿಯೇ ಹೋದರು, ಪತ್ರಕರ್ತರು ಅದರ ಬಗ್ಗೆ ಕೇಳಿದರು. ಅದು ಅವರ ಕೈಕೆಲಸವಲ್ಲ, ನಿಜ. ಆದರೆ ಪ್ರಶ್ನೆ ಹುಟ್ಟಿದ್ದು ಅಂದದಿಂದಲ್ಲ, ಆ ಸಂದರ್ಭದಲ್ಲಿ ಹಾವು ಏಕೆ ಎಂಬ ಕುತೂಹಲದಿಂದ.

ಲೋಹದ ಆಭರಣ ಮಾಡುವವರೊಬ್ಬರು: ಚಿತ್ರದಷ್ಟೇ ಅದನ್ನು ಧರಿಸುವ ಜಾಗವೂ ಮುಖ್ಯ. ಎದೆಯ ಮೇಲೆ ಕೆಳಗೆ ಸಿಕ್ಕಿಸಿದರೆ ಎದುರಿನವರು ದಿಟ್ಟಿಸಿ ನೋಡಲು ಹಿಂಜರಿಯುತ್ತಾರೆ. ಭುಜದ ಹತ್ತಿರ, ಕೊರಳಪಟ್ಟಿಯ ಪಕ್ಕದಲ್ಲಿದ್ದರೆ ಮುಖ ನೋಡುತ್ತಲೇ ಅದನ್ನೂ ನೋಡಬಹುದು. ತೆಳು ಬಟ್ಟೆಗೆ ಒಳಗಿನಿಂದ ಒಂದು ತುಂಡು ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಕೊಟ್ಟರೆ ಬ್ರೋಚ್ ಜೋತುಬೀಳುವುದಿಲ್ಲ. ಪಿನ್ನಿನ ಬದಲು ಅಯಸ್ಕಾಂತ ಬಳಸುವವರು ಗಮನಿಸಿ: ಪೇಸ್‌ಮೇಕರ್ ಇರುವವರು ಅದನ್ನು ಎದೆಯ ಬಳಿ ಧರಿಸಕೂಡದು.

ಚಿತ್ರ ಬರೆಯುವವರೊಬ್ಬರು: ಧರಿಸಿದ ವಸ್ತುವನ್ನು ಕಂಡು ಇನ್ನೊಬ್ಬರು ಕೇಳಲಿ ಎಂದು ಕಾಯುವುದಕ್ಕಿಂತ ಕೈಗೆ ಕೊಡಬಹುದಾದ ವಸ್ತು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಸ್ವಿಟ್ಜರ್‌ಲೆಂಡಿನ ಕಲಾವಿದ ಎಂ. ವಾಂಚಿ ಸ್ಟಿರ್ನೆಮಾನ್ 1997ರಲ್ಲಿ ಜೂರಿಕ್‌ನಲ್ಲಿ ಆರಂಭಿಸಿದ ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡುಗಳು (ಕೈಯಿಂದ ಚಿತ್ರ ಬರೆದ ಪುಟ್ಟ ಕಾರ್ಡುಗಳು) ಸುಮಾರು 64×89 ಮಿಲಿಮೀಟರ್ ಅಳತೆಯವು, ಅಂದರೆ ಜೇಬಿನಲ್ಲಿ ಹಿಡಿಸುವಂಥವು. ಅವನ್ನು ಮಾರದೆ ವಿನಿಮಯ ಮಾಡಿಕೊಳ್ಳಬೇಕೆಂಬುದೇ ಅದರ ಮೂಲ ನಿಯಮ. ಆ ನಿಯಮದಲ್ಲೇ ಗುಟ್ಟಿದೆ. ಕಾರ್ಡು ಪಡೆದವರು ಪ್ರತಿಯಾಗಿ ಕೊಡಲು ಏನನ್ನಾದರೂ ಮಾಡಬೇಕು, ಅದಕ್ಕಾಗಿ ಮತ್ತೆ ಭೇಟಿಯಾಗಬೇಕು. ಚಿತ್ರ ಬರೆಯಲು ಬಾರದೆಂದವರಿಗೆ ನಾನು ಅರ್ಧ ಬರೆದ ಕಾರ್ಡನ್ನೇ ಕೊಡುತ್ತೇನೆ. ಪ್ರಶ್ನೆ ಕೇಳಿದವರು ಇದೇ ಅಳತೆಯ ಬಟ್ಟೆಯಲ್ಲಿ ಪ್ರಯತ್ನಿಸಬಹುದು.

ಮತ್ತೊಬ್ಬರು: ವಿವಾದದ ವಿಷಯವನ್ನು ಧರಿಸುವುದಾದರೆ ವಾದಕ್ಕೂ ಸಿದ್ಧರಿರಬೇಕು. 1787ರಲ್ಲಿ ಜೋಸಾಯಾ ವೆಜ್‌ವುಡ್ ಅವರ ಕುಂಬಾರಿಕೆಯ ಕಾರ್ಖಾನೆಯಲ್ಲಿ ತಯಾರಾದ, ಸಂಕೋಲೆ ತೊಟ್ಟು ಮಂಡಿಯೂರಿದ ಗುಲಾಮನ ಪದಕವನ್ನು ಬ್ರಿಟನ್ನಿನ ಮಹಿಳೆಯರು ಕೈಬಳೆಗಳಲ್ಲಿಯೂ ಮುಡಿಯ ಪಿನ್ನುಗಳಲ್ಲಿಯೂ ಧರಿಸಿದ್ದು ಗುಲಾಮಗಿರಿಯ ವಿರುದ್ಧ ಮಾತೆಬ್ಬಿಸುವುದಕ್ಕೇ. ಬರಿಯ ಪರಿಚಯ ಬೆಳೆಸುವುದಷ್ಟೇ ಉದ್ದೇಶವಾದರೆ ಮೇಲೆ ಹೇಳಿದ ಮೀನು ಮತ್ತು ಏಣಿಯೇ ವಾಸಿ.