ಮನೆಯಲ್ಲಿ ಮಾರ್ಕನ ಸುವಾರ್ತೆ ಓದುವ ಗುಂಪು: ಎಷ್ಟು ವಾರ, ಸಾಕ್ಷಿ ಹೇಗೆ, ಕಾನೂನು ಏನು?

ಬಯಲುಸೀಮೆ_ಬೆಸ್ತ (ಪ್ರಶ್ನೆ)

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ನಮ್ಮ ಸಭೆಯ (ಚರ್ಚಿನ) ಯುವಜನರಲ್ಲಿ ಏಳು ಮಂದಿ ಸೇರಿ ವಾರಕ್ಕೊಮ್ಮೆ ಮನೆಯಲ್ಲಿ ಮಾರ್ಕನ ಸುವಾರ್ತೆ ಓದೋದು ಅಂತ ತೀರ್ಮಾನ ಆಗಿದೆ. ಎಲ್ಲರೂ ದೃಢೀಕರಣ ಆದವರೇ, ಅಂದರೆ ಸಭೆಯ ಮುಂದೆ ತಾವಾಗಿ ನಂಬಿಕೆ ಒಪ್ಪಿಕೊಂಡವರು. ಪ್ರಸಂಗ ಕೇಳೋದಕ್ಕೇನೂ ಕೊರತೆಯಿಲ್ಲ, ಆದರೆ "ನನ್ನನ್ನು ಹಿಂಬಾಲಿಸು" ಅನ್ನೋ ಮಾತಿಗೆ ಸೋಮವಾರದಿಂದ ಶನಿವಾರದವರೆಗೆ ಏನರ್ಥ ಅನ್ನೋದು ಕೈಗೆ ಸಿಗ್ತಿಲ್ಲ.

16 ಅಧ್ಯಾಯಕ್ಕೆ 16 ವಾರ ಅಂತ ಲೆಕ್ಕ ಹಾಕಿದ್ದೀವಿ, ಸರಿಯಾ? ಆಫೀಸಲ್ಲಿ ಯಾರಾದರೂ ನಂಬಿಕೆ ಬಗ್ಗೆ ಕೇಳಿದರೆ ಸಾಕ್ಷಿ (ಯೇಸು ನಮ್ಮ ಬದುಕಲ್ಲಿ ಏನು ಮಾಡಿದ ಅನ್ನೋ ಅನುಭವ) ಹೇಗೆ ಹೇಳಬೇಕು, ಎಷ್ಟು ಹೊತ್ತು? ಬೇರೆ ಧರ್ಮದ ಗೆಳೆಯರು ಗುಂಪಿಗೆ ಬಂದು ಕೂತರೆ ಕಾನೂನಿನ ತೊಡಕು ಏನಾದರೂ ಇದೆಯಾ?

---

ಪೇಡೆನಗರಿ

ನಮಸ್ಕಾರ್ರೀ. ಮೊದಲನೇದು, ಏಳು ಮಂದಿ ಒಂದೇ ಗುಂಪಿಗೆ ಜಾಸ್ತಿ ಆತು. ಇಬ್ಬರು ಮಾತಾಡತಾರ, ಐದು ಮಂದಿ ತಲಿ ಅಲ್ಲಾಡಸತಾರ. ನಾಲ್ಕು ಮತ್ತ ಮೂರು ಅಂತ ಒಡೀರಿ, ತಿಂಗಳಿಗೊಮ್ಮೆ ಎಲ್ಲಾರೂ ಕೂಡ್ರಿ.

16 ವಾರದ ಲೆಕ್ಕ ಕಾಗದದ ಮ್ಯಾಲೆ ಚಂದ ಕಾಣತೈತಿ, ನಡಿಯೂದಿಲ್ಲ. ಮೊದಲನೇ ಅಧ್ಯಾಯದಾಗ 45 ವಚನ ಅದಾವ: ಯೋಹಾನನ ದೀಕ್ಷಾಸ್ನಾನ, ಅಡವಿ, ಬೆಸ್ತರ ಕರೆ, ಕಪೆರ್ನೌಮಿನ ಸಭಾಮಂದಿರ, ಪೇತ್ರನ ಅತ್ತಿ ಜ್ವರ, ಕುಷ್ಠರೋಗಿ. ಒಂದು ಸಂಜಿಗೆ ಇಷ್ಟು ತುರುಕಿದ್ರ ಯಾವುದೂ ಒಳಗ ಇಳಿಯೂದಿಲ್ಲ. ಮೊದಲನೇ ವಾರ ಇಡೀ ಪುಸ್ತಕ ಒಬ್ಬರಾದ ಮ್ಯಾಲೆ ಒಬ್ಬರು ಗಟ್ಟಿಯಾಗಿ ಓದಿಬಿಡ್ರಿ, ಸುಮಾರು ಒಂದೂವರೆ ತಾಸು ಆಗತೈತಿ. ಆಮ್ಯಾಲೆ ಶಿಷ್ಯರ ವಿಷಯ ಇರೂ ಭಾಗ ಅಷ್ಟ ಆರಿಸ್ಕೋರಿ: 1:16-20, 2:13-17, 3:13-19, 5:1-20, 6:7-13, ಮತ್ತ 8:22ರಿಂದ 10:52ರ ತನಕ. ಈ ಕಡೀ ಭಾಗಕ್ಕ ಒಂದಕ್ಕ ಐದಾರು ವಾರ ಕೊಡ್ರಿ. ಯಾಕಂದ್ರ ಅಲ್ಲಿ ಯೇಸು ತನ್ನ ಸಾವಿನ ಮಾತು ಮೂರು ಸಲ ಹೇಳತಾನ (8:31, 9:31, 10:33), ಮೂರೂ ಸಲ ಶಿಷ್ಯರಿಗೆ ತಿಳಿಯೂದಿಲ್ಲ. ಒಮ್ಮೆ ಪೇತ್ರ ಗದರಸತಾನ, ಒಮ್ಮೆ ಯಾರು ದೊಡ್ಡಾವ ಅಂತ ಜಗಳ, ಒಮ್ಮೆ ಎಡಕ್ಕ ಬಲಕ್ಕ ಕುರ್ಚಿ ಬೇಕು ಅಂತ ಅರ್ಜಿ. ಈ ಭಾಗದ ಶುರುವಿಗೂ ಕೊನೀಗೂ ಒಬ್ಬೊಬ್ಬ ಕುರುಡ ಅದಾನ, ನೋಡ್ರಿ. 10ನೇ ಅಧ್ಯಾಯದಾಗ "ನಿಮಗ ನಾನು ಏನು ಮಾಡಬೇಕು" ಅಂತ ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರಿಗೆ ಕೇಳಿದ ಪ್ರಶ್ನೀನ ಸ್ವಲ್ಪ ಮುಂದ ಕುರುಡ ಬಾರ್ತಿಮಾಯನಿಗೂ ಕೇಳತಾನ. ಅವರು ಕುರ್ಚಿ ಕೇಳಿದ್ರು, ಇವ ಕಣ್ಣು ಕೇಳಿದ. ಕಣ್ಣು ಬಂದಾವ ದಾರ್ಯಾಗ ಹಿಂದ ಹೊಂಟ. ನಿಮ್ಮ "ಹಿಂಬಾಲಿಸು" ಅನ್ನೂದಕ್ಕ ಮಾರ್ಕ ಇಲ್ಲೇ ಉತ್ತರ ಇಟ್ಟಾನ.

ವ್ಯಾಳೆ ಹಿಂಗ ಹಂಚ್ರಿ: ಒಟ್ಟು 90 ನಿಮಿಷ. ಮೊದಲ 15, ಹ್ವಾದ ವಾರ ಮಾಡ್ತೀನಿ ಅಂದದ್ದು ಮಾಡಿದ್ರೋ ಇಲ್ಲೋ ಅನ್ನೂದಕ್ಕ. 40 ಓದಾಕ, ಮಾತಾಡಾಕ. 20, ಈ ವಾರ ಒಬ್ಬೊಬ್ಬರು ಏನು ಮಾಡತೀರಿ ಅಂತ ಹೇಳಾಕ. ಉಳಿದ 15 ಪ್ರಾರ್ಥನಿಗೆ. ಮೊದಲ 15 ನಿಮಿಷ ಬಿಟ್ಟಿರಿ ಅಂದ್ರ ಅದು ಬರೇ ಓದುಗೂಟ ಆಗತೈತಿ. "ಮಾಡ್ತೀನಿ" ಅನ್ನೂದು ಸಣ್ಣದಿರಲಿ, ದಿನ, ತಾರೀಖಿನ ಜೋಡಿ ಇರಲಿ. "ಪ್ರೀತಿಯಿಂದ ಇರತೀನಿ" ಅನ್ನೂದು ಲೆಕ್ಕಕ್ಕಿಲ್ಲ. "ಮಾತು ಬಿಟ್ಟ ಅಣ್ಣಗ ಗುರುವಾರದೊಳಗ ಫೋನ್ ಹಚ್ಚತೀನಿ", ಇದು ಲೆಕ್ಕಕ್ಕೈತಿ.

ಕೆಡೂದು ಎಲ್ಲೆ ಅಂದ್ರ, ನಡಸಾವ್ರು ಪ್ರಸಂಗ ಶುರು ಮಾಡತಾರ. ಓದಿದ ಮ್ಯಾಲೆ ಪ್ರಶ್ನೆ ಕೇಳಿ ಬಾಯಿ ಮುಚ್ಚಿ 20 ಸೆಕೆಂಡ್ ಕಾಯ್ರಿ, ಯಾರರೆ ಒಬ್ಬರು ಬಾಯಿ ಬಿಡತಾರ. ಪ್ರಾರ್ಥನಿ ವಿಷಯ ಅಂತ ಊರ ಸುದ್ದಿ ಬರತೈತಿ. ಅಲ್ಲಿ ಇಲ್ಲದವರ ಹೆಸರು ತಗೀಬಾರದು ಅಂತ ಮೊದಲನೇ ದಿನಾನ ಹೇಳಿಬಿಡ್ರಿ. ಇನ್ನ ತಿಂಡಿ. ಚಾ ಬಿಸ್ಕಿಟ್‌ನಿಂದ ಶುರುವಾಗಿ ನಾಲ್ಕನೇ ವಾರಕ್ಕ ಉಪ್ಪಿಟ್ಟು ಶಿರಾ, ಎಂಟನೇ ವಾರಕ್ಕ ಬಿರ್ಯಾನಿ. ಆಮ್ಯಾಲೆ ರೊಕ್ಕ ಇಲ್ಲದ ಮನಿಯವರು "ನಮ್ಮನಿಯಾಗ ಬ್ಯಾಡ" ಅಂತಾರ. ಚಾ ಅಷ್ಟ.

---

ಕುಡ್ಲದ_ಮಳೆ

ಪೇಡೆನಗರಿಯವರು ಹೇಳಿದ್ದಕ್ಕೆ ಒಂದು ತಕರಾರು ಉಂಟು. ಕೆಲಸ ಮುಗಿಸಿ ಬಂದವರಿಗೆ ಒಂದೂವರೆ ಗಂಟೆ ಗಟ್ಟಿ ಓದು ಕಷ್ಟ. ಸತ್ಯವೇದದ ಹಳೆಯ ಅನುವಾದದ ಭಾಷೆ ಕೆಲವರಿಗೆ ನಾಲಿಗೆಗೆ ಬರುವುದಿಲ್ಲ, ತಡವರಿಸಿ ನಾಚಿಕೊಳ್ಳುತ್ತಾರೆ. ಫೋನಿನಲ್ಲಿ ಕನ್ನಡ ಆಡಿಯೊ ಹಾಕಿ ಎರಡು ಕಂತಿನಲ್ಲಿ ಕೇಳಿ.

ಸಾಕ್ಷಿಯ ಬಗ್ಗೆ: ಮೂರು ನಿಮಿಷ, ಬರೆದರೆ ಎ4 ಹಾಳೆಯ ಒಂದೇ ಮಗ್ಗುಲು. ಮಾದರಿಗೆ ಅಪೊಸ್ತಲರ ಕೃತ್ಯಗಳು 26 ನೋಡಿ. ಅಗ್ರಿಪ್ಪ ರಾಜನ ಮುಂದೆ ಪೌಲ ಮೊದಲು ತಾನು ಹೇಗಿದ್ದೆ ಎಂದು ಹೇಳುತ್ತಾನೆ (4-11), ದಮಸ್ಕದ ದಾರಿಯಲ್ಲಿ ಏನಾಯಿತು ಎಂದು ಹೇಳುತ್ತಾನೆ (12-18), ಆಮೇಲೆ ಏನು ಬದಲಾಯಿತು ಎಂದು (19-23). ನಮ್ಮಲ್ಲಿ ಮೊದಲ ಭಾಗವೇ ಉದ್ದ. ಹಳೆಯ ಕುಡಿತ, ಹಳೆಯ ಜಗಳ ಬಣ್ಣ ಕಟ್ಟಿ ಹೇಳುತ್ತಾ ಯೇಸುವಿಗೆ ಉಳಿಯುವುದು ಅರ್ಧ ನಿಮಿಷ. ಚಿಕ್ಕಂದಿನಿಂದ ಸಭೆಯಲ್ಲೇ ಬೆಳೆದವರು ಇಲ್ಲದ ಕತ್ತಲೆ ಹುಡುಕುವುದು ಬೇಡ. ಮೂರನೇ ಭಾಗವನ್ನು ಈ ವರ್ಷದ್ದೇ ಒಂದು ಉದಾಹರಣೆ ಕೊಟ್ಟು ಹೇಳಿದರೆ ಸಾಕು.

ನಿಜವಾದ ತೊಂದರೆ ಇರುವುದು ಪದಗಳಲ್ಲಿ. "ಪಾಪಿ" ಎಂದರೆ ಹೊರಗಿನವರ ಕಿವಿಗೆ ಬೈಗುಳ. "ಪಾಪ" ಎಂದರೆ ಅಯ್ಯೋ ಪಾಪ! "ಪಾಪದವನು" ಎಂದರೆ ಅಮಾಯಕ. ಹಾಗಾಗಿ "ನಾವೆಲ್ಲ ಪಾಪಿಗಳು" ಎಂದು ಶುರು ಮಾಡಿದರೆ ಎದುರಿನವರಿಗೆ ಒಂದೋ ಸಿಟ್ಟು, ಇಲ್ಲವೋ ಗೊಂದಲ. "ಮಾಡಬಾರದು ಅಂತ ಗೊತ್ತಿದ್ದೂ ಮಾಡುತ್ತೇವಲ್ಲ" ಎಂದರೆ ಎಲ್ಲರಿಗೂ ತಿಳಿಯುತ್ತದೆ. "ಮುಕ್ತಿ", "ಮೋಕ್ಷ" ಎಂದರೆ ಕೇಳುವವರು ಜನ್ಮಗಳ ಚಕ್ರದಿಂದ ಬಿಡುಗಡೆ ಎಂದುಕೊಳ್ಳುತ್ತಾರೆ, ನೀವು ಹೇಳಹೊರಟದ್ದು ಅದಲ್ಲ. "ರಕ್ಷಣೆ ಹೊಂದಿದೆ", "ಅಭಿಷೇಕ", "ಕುರಿಮರಿಯ ರಕ್ತ" ಇವೆಲ್ಲ ಸಭೆಯೊಳಗಿನ ಮಾತು. "ಅನ್ಯಜನರು" ಎನ್ನುವುದನ್ನಂತೂ ಬಿಟ್ಟೇಬಿಡಿ, ಪಕ್ಕದ ಮೇಜಿನವರಿಗೆ ಅದು ತಮ್ಮನ್ನೇ ಅಂದ ಹಾಗೆ. "ಶಿಷ್ಯ" ಮಾತ್ರ ಒಳ್ಳೆಯ ಪದ. ಗುರುವಿನ ಮನೆಯಲ್ಲಿದ್ದು, ಗುರು ಮಾಡುವುದನ್ನು ನೋಡಿ ಕಲಿಯುವವನು ಎಂಬ ಅರ್ಥ ನಮ್ಮ ಭಾಷೆಯಲ್ಲಿ ಮೊದಲೇ ಉಂಟು. (ಬೆಂಗಳೂರಿನವರ "ಏನ್ ಶಿಷ್ಯಾ" ಬೇರೆ ಬಿಡಿ.)

ಕೇಳಿದವರಿಗೆ ಹೇಳಿ, 1 ಪೇತ್ರ 3:15 ಹೇಳುವುದು ಅದನ್ನೇ, ಅದೂ ಸಾತ್ವಿಕತೆಯಿಂದ. ಕೆಲಸದ ಹೊತ್ತಿನಲ್ಲಿ ಬೇಡ, ಊಟದ ಬಿಡುವಿನಲ್ಲಿ. ನಿಮ್ಮ ಕೈಕೆಳಗಿನ ನೌಕರರಿಗೆ ನೀವಾಗಿ ಹೇಳಹೋಗಬೇಡಿ, ಅವರಿಗೆ "ಬೇಡ" ಎನ್ನುವ ಧೈರ್ಯ ಇರುವುದಿಲ್ಲ. ಹೆಚ್ಚು ಕೇಳಿದರೆ ಫಿಲಿಪ್ಪ ನತಾನಯೇಲನಿಗೆ ಹೇಳಿದ ಹಾಗೆ "ಬಂದು ನೋಡು" ಸಾಕು.

---

ಕರಿಕೋಟು

ಮೂರನೇ ಪ್ರಶ್ನೆಗೆ. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕಿದೆ. ಆದರೆ ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಗೆಳೆಯರು ತಾವಾಗಿ ಬಂದು ಕೂತು ಓದುವುದು, ಪ್ರಶ್ನೆ ಕೇಳುವುದು ಅಪರಾಧವಲ್ಲ.

2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯಲ್ಲಿ "ಆಮಿಷ" ಎಂಬುದರ ವ್ಯಾಖ್ಯೆ ಬಹಳ ಅಗಲ. ಉಡುಗೊರೆ, ಹಣ, ಉದ್ಯೋಗ, ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ, ದೈವಕೋಪದ ಹೆದರಿಕೆ, ಒಂದು ಧರ್ಮವನ್ನು ಇನ್ನೊಂದರ ಎದುರು ವೈಭವೀಕರಿಸುವುದು, ಎಲ್ಲವೂ ಅದರೊಳಗೆ ಬರುತ್ತದೆ. ಬಲವಂತ, ಆಮಿಷ ಇರಲಿಲ್ಲ ಎಂದು ಸಾಬೀತು ಮಾಡುವ ಹೊಣೆ ಆರೋಪಿಯದೇ. ಮತಾಂತರವಾಗುವವರೂ ಸಂಸ್ಕಾರ ನಡೆಸುವವರೂ 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಕೊಡಬೇಕು. ಕಾಯ್ದೆ ಹಿಂಪಡೆಯಲು ಜೂನ್ 2023ರಲ್ಲಿ ಸಚಿವ ಸಂಪುಟ ತೀರ್ಮಾನಿಸಿತು, ಆದರೆ ಸಂಪುಟದ ತೀರ್ಮಾನದಿಂದಲೇ ಕಾಯ್ದೆ ರದ್ದಾಗುವುದಿಲ್ಲ. ದೀಕ್ಷಾಸ್ನಾನದ ಮಾತು ಬಂದ ದಿನವೇ ಸಭಾಪಾಲಕರಿಗೆ ತಿಳಿಸಿ, ವಕೀಲರನ್ನು ಕಂಡು ಮುಂದುವರಿಯಿರಿ. ಗುಂಪಿನ ಮಟ್ಟದಲ್ಲಿ ಏನನ್ನೂ ಮಾಡಬೇಡಿ.

ರೂಢಿಯ ಮಾತು: ಬಂದವರಿಗೆ ಹಣಸಹಾಯ ಗುಂಪಿನ ಹೆಸರಲ್ಲಿ ಬೇಡ. "ಪ್ರಾರ್ಥನೆ ಮಾಡಿದರೆ ಕಾಯಿಲೆ ವಾಸಿ" ಎಂದು ಮಾತು ಕೊಡಬೇಡಿ. 18 ತುಂಬದವರು ಬೇರೆ ಧರ್ಮದ ಮನೆಯವರಾದರೆ ತಂದೆ ತಾಯಿಯ ಒಪ್ಪಿಗೆಯಿಲ್ಲದೆ ಕೂರಿಸಿಕೊಳ್ಳಬೇಡಿ. ಅವರ ದೇವರು, ಪೂಜೆ ಬಗ್ಗೆ ಹಗುರ ಮಾತು ತಮಾಷೆಗೂ ಬೇಡ. ಇದು ಕಾನೂನಿಗಿಂತ ಮೊದಲು ಮರ್ಯಾದೆಯ ಪ್ರಶ್ನೆ.

---

ಬಯಲುಸೀಮೆ_ಬೆಸ್ತ

ತುಂಬಾ ಉಪಕಾರ. ನಾಲ್ಕು-ಮೂರು ಅಂತಲೇ ಒಡೀತೀವಿ. ಇನ್ನೊಂದು: ಬೆಸ್ತರು ಬಲೆ ಬಿಟ್ಟು ಹೋದರು ಅನ್ನೋದನ್ನ ಓದಿ ನಮ್ಮಲ್ಲೊಬ್ಬರು ಕೆಲಸಕ್ಕೆ ರಾಜೀನಾಮೆ ಕೊಟ್ಟು ಪೂರ್ಣಾವಧಿ ಸೇವೆಗೆ ಹೋಗ್ತೀನಿ ಅಂತಿದಾರೆ. ಏನು ಹೇಳಲಿ?

---

ಪೇಡೆನಗರಿ

1:20 ಇನ್ನೊಮ್ಮೆ ಓದಸ್ರಿ. ಯಾಕೋಬ ಯೋಹಾನ ಅಪ್ಪನ್ನ ದೋಣ್ಯಾಗ ಬಿಟ್ಟು ಹ್ವಾದ್ರು ಖರೆ, ಆದ್ರ ಜೆಬೆದಾಯನ ಜೋಡಿ ಕೂಲಿಯಾಳುಗಳು ಇದ್ರು ಅಂತ ಮಾರ್ಕ ಮರೀದ ಬರದಾನ. ನಿಮ್ಮವರ ದೋಣ್ಯಾಗ ಯಾರದಾರ ಕೇಳ್ರಿ. ಆಮ್ಯಾಲೆ 5:18-20. ದೆವ್ವ ಬಿಟ್ಟಾವ "ನಿನ್ನ ಜೋಡಿ ಬರತೀನಿ" ಅಂತ ಬೇಡಕೊಂಡ್ರೂ ಯೇಸು ಕರಕೊಂಡು ಹೋಗಲಿಲ್ಲ, ಮನಿಗೆ ಹೋಗಿ ನಿನ್ನವರಿಗೆ ಹೇಳು ಅಂದ. ಎರಡೂ ಯೇಸುವಿನ ಕರೆನ.

ಲೂಕ 14:28ರಾಗ ಗೋಪುರ ಕಟ್ಟಾವ ಮೊದಲು ಕುಂತು ಖರ್ಚು ಲೆಕ್ಕ ಹಾಕತಾನಲ್ಲ, ಹಂಗ ಒಂದು ಹಾಳ್ಯಾಗ ಬರಸ್ರಿ: ಸಾಲ ಎಷ್ಟೈತಿ, ಇಎಂಐ ಯಾವಾಗ ಮುಗೀತೈತಿ, ತಂದಿ ತಾಯಿ ಔಷಧದ ಖರ್ಚು ಯಾರದು, ಕೈಯಾಗ ಎಷ್ಟು ತಿಂಗಳ ರೊಕ್ಕ ಐತಿ. ರಾಜೀನಾಮೆಗಿಂತ ಮೊದಲು ಒಂದು ವರ್ಷ ರವಿವಾರದ ಶಾಲ್ಯಾಗ ಪಾಠ ಹೇಳಲಿ, ಆಸ್ಪತ್ರಿ ಭೇಟಿಗೆ ಹೋಗಲಿ.

---

ಕುಡ್ಲದ_ಮಳೆ

ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಾದರೆ ಸ್ವಂತ ತೀರ್ಮಾನ ಒಂದರಿಂದಲೇ ಪಾದ್ರಿ ಆಗಲಿಕ್ಕಾಗುವುದಿಲ್ಲ. ಸಭೆಯ ಶಿಫಾರಸು, ಡಯಾಸಿಸ್‌ನ (ಬಿಷಪರ ಆಡಳಿತ ಪ್ರಾಂತ್ಯದ) ಆಯ್ಕೆ, ಆಮೇಲೆ ದೇವಶಾಸ್ತ್ರದ ಓದು. ಕನ್ನಡದವರಿಗೆ ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಉಂಟು. ಮೊದಲು ಸಭಾಪಾಲಕರೊಂದಿಗೆ ಮಾತಾಡಲಿ. ಅಲ್ಲಿಯವರೆಗೆ ಅಪೊಸ್ತಲರ ಕೃತ್ಯಗಳು 18:3 ಓದಿಸಿ: ಕೊರಿಂಥದಲ್ಲಿ ಪೌಲ ಗುಡಾರ ಹೊಲಿಯುತ್ತಿದ್ದ.