ತೊಳೆದ ಕಾರು ಒಣಗುತ್ತಿಲ್ಲ: ಬಾನೆಟ್ ಮೇಲೆ ಬಿಳಿ ಕಲೆ, ಹ್ಯಾಂಡ್‌ಬ್ರೇಕ್ ಹಿಡಿದುಕೊಂಡಿದೆ

ಮಡಿಕೇರಿಯಿಂದ
ನಮಸ್ಕಾರ. ಭಾನುವಾರ ಸಂಜೆ ಮಳೆ ಬಿಡುವು ಕೊಟ್ಟಿತೆಂದು ಕೆಸರು ಮೆತ್ತಿದ್ದ ಕಾರನ್ನು ಅಂಗಳದಲ್ಲೇ ತೊಳೆದೆ. ಹಳೆಯ ಪಂಚೆಯಲ್ಲಿ ಒರೆಸಿ, ಹ್ಯಾಂಡ್‌ಬ್ರೇಕ್ ಎಳೆದು, ಕವರ್ ಹೊದಿಸಿದೆ. ಬುಧವಾರ ಬೆಳಿಗ್ಗೆ ನೋಡಿದರೆ ಬಾನೆಟ್ ತುಂಬ ಬಿಳಿ ಚುಕ್ಕೆಗಳು, ಎಡಗನ್ನಡಿಯ ಕೆಳಗೆ ಬಾಗಿಲುದ್ದಕ್ಕೂ ನೀರಿಳಿದ ಗೆರೆ. ಹ್ಯಾಂಡ್‌ಬ್ರೇಕ್ ಇಳಿಸಿದರೂ ಕಾರು ಕದಲಲಿಲ್ಲ. ಸ್ವಲ್ಪ ಎಳೆದ ಮೇಲೆ ಹಿಂದಿನ ಚಕ್ರದಲ್ಲಿ ‘ಟಕ್’ ಎಂದು ದೊಡ್ಡ ಸದ್ದಾಗಿ ಬಿಟ್ಟಿತು. ಆಮೇಲೆ ಮುಂದಿನ ಬ್ರೇಕಿನಲ್ಲಿ ಕರಕರ. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನವೇ ಹೀಗಾಗಿ ಬಹಳ ಹೆದರಿದೆ. ಏನು ತಪ್ಪಾಗಿದೆ?

ಗೋಣಿಕೊಪ್ಪದಿಂದ
ಯಾವ ನೀರಿನಲ್ಲಿ ತೊಳೆದಿರಿ? ಬಾಗಿಲು, ಡಿಕ್ಕಿ ತೆರೆದು ಅಂಚು ಒರೆಸಿದಿರಾ?

ಮಡಿಕೇರಿಯಿಂದ
ಬೋರ್‌ವೆಲ್ ನೀರು. ಅದನ್ನು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಬಾಗಿಲು ತೆರೆಯಲಿಲ್ಲ.

ಸೋಮವಾರಪೇಟೆಯಿಂದ
ಮೊದಲು ಬ್ರೇಕಿನ ವಿಷಯ. ಮುಂದಿನ ಡಿಸ್ಕ್, ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ, ಎರಕದ ಕಬ್ಬಿಣದ್ದು. ಒದ್ದೆಯಾದ ಕೆಲವೇ ಗಂಟೆಗಳಲ್ಲಿ ಕೆಂಪು ತುಕ್ಕಿನ ತೆಳುಪೊರೆ ಬರುತ್ತದೆ. ಕೆಲವು ಸಲ ಬ್ರೇಕ್ ಒತ್ತಿದರೆ ಪ್ಯಾಡೇ ಅದನ್ನು ಕೆರೆದು ತೆಗೆಯುತ್ತದೆ, ಅದಕ್ಕೆ ಹೆದರಬೇಡಿ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಒದ್ದೆ ಶೂ (ಡ್ರಮ್ಮನ್ನು ಒಳಗಿನಿಂದ ಒತ್ತಿಹಿಡಿಯುವ ಬಾಗಿದ ಪಟ್ಟಿ) ಮೂರು ರಾತ್ರಿ ಡ್ರಮ್ಮಿಗೆ ಒತ್ತಿಕೊಂಡೇ ಇದ್ದು, ತುಕ್ಕಿನಿಂದ ಅಂಟಿಕೊಂಡಿರುತ್ತದೆ. ನೀವು ಕೇಳಿದ್ದು ಅದು ಬಿಟ್ಟುಕೊಂಡ ಸದ್ದು. ತೊಳೆದ ಕೂಡಲೇ ಎರಡು ಮೂರು ಕಿಲೋಮೀಟರ್ ಓಡಿಸಿ, ಹಿಂದೆ ವಾಹನವಿಲ್ಲದ ಕಡೆ ಮೆಲ್ಲಗೆ ಬ್ರೇಕ್ ಒತ್ತುತ್ತ ಬನ್ನಿ. ಆ ಬಿಸಿಗೆ ನೀರು ಆರುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಆ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯದೆ ಬಿಡಿ. ನಮ್ಮ ಕಡೆಯ ಅಂಗಳಗಳು ಹೆಚ್ಚಾಗಿ ಇಳಿಜಾರು. ಅಲ್ಲಿ ಮಾತ್ರ ಇದನ್ನು ಮಾಡಲೇಬೇಡಿ, ಹ್ಯಾಂಡ್‌ಬ್ರೇಕ್ ಬೇಕೇ ಬೇಕು.

ಬಿಳಿ ಚುಕ್ಕೆ ನೀರಿನಲ್ಲಿದ್ದ ಸುಣ್ಣದ ಅಂಶ. ನೀರು ಆರಿಹೋಗುತ್ತದೆ, ಅದು ಉಳಿಯುತ್ತದೆ. ನಾನು ಕೊನೆಯ ಸಲ ತೊಳೆಯಲು ಸೂರಿನ ಕೆಳಗೆ ಡ್ರಮ್ಮಿಟ್ಟು ಹಿಡಿದ ಮಳೆನೀರನ್ನೇ ಬಳಸುತ್ತೇನೆ. ಅದರಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಮಗ್ಗಿನಿಂದ ಎರಚದೆ, ಕಾರಿನ ಮಾಡಿನ ಮೇಲಿನಿಂದ ನಿಧಾನವಾಗಿ ಸುರಿದರೆ ನೀರು ಹಾಳೆಯಂತೆ ಜಾರಿಹೋಗಿ ಒರೆಸುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ಪಂಚೆ ಬಿಡಿ. ಅದು ಬೇಗ ತೊಯ್ದು ನೀರನ್ನು ಸವರತೊಡಗುತ್ತದೆ. ದೊಡ್ಡ ಮೈಕ್ರೋಫೈಬರ್ ಬಟ್ಟೆಯನ್ನು ಹರಡಿ, ಒತ್ತದೆ ನಿಮ್ಮ ಕಡೆಗೆ ಎಳೆದುಕೊಳ್ಳಿ.

ಅಡಗಿದ ನೀರೇ ನಿಜವಾದ ಕಷ್ಟ. ಕನ್ನಡಿಯ ಗೂಡು, ಹಿಡಿಕೆಯ ಹಿಂಬದಿ, ಪೆಟ್ರೋಲ್ ಮುಚ್ಚಳ, ಡಿಕ್ಕಿಯ ರಬ್ಬರು ಎಲ್ಲದರಲ್ಲೂ ನೀರು ನಿಂತಿರುತ್ತದೆ. ಓಡಿಸಿ ಬಂದ ಮೇಲೆ ಅದು ಹೊರಗೆ ಬರುತ್ತದೆ, ಆಗ ಇನ್ನೊಮ್ಮೆ ಒರೆಸಿ. ಕವರ್ ಹೊದಿಸುವುದು ಅದಾದ ಮೇಲೆ. ತೇವವಿರುವ ಕಾಫಿಯನ್ನು ಕಣದಿಂದ ಎತ್ತಿ ಯಾರಾದರೂ ಚೀಲಕ್ಕೆ ತುಂಬುತ್ತಾರೆಯೇ?

ಈಗಿರುವ ಕಲೆಗೆ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ, ಮೊದಲು ಮೂಲೆಯಲ್ಲಿ ಪರೀಕ್ಷಿಸಿ, ಒದ್ದೆ ಬಟ್ಟೆಯನ್ನು ಒಂದೆರಡು ನಿಮಿಷ ಇಟ್ಟು ತೊಳೆಯಿರಿ.

ವಿರಾಜಪೇಟೆಯಿಂದ
ಬಾಗಿಲಿನ ತಳದ ಅಂಚಿನಲ್ಲಿ ನೀರು ಹೋಗುವ ಸಣ್ಣ ಕಂಡಿಗಳಿವೆ, ನೋಡಿ. ಮರದಡಿ ನಿಲ್ಲಿಸುವ ಕಾರುಗಳಲ್ಲಿ ಅವು ಕಸದಿಂದ ಮುಚ್ಚಿರುತ್ತವೆ. ತೆಂಗಿನ ಕಡ್ಡಿ ಸಾಕು.

ಮಡಿಕೇರಿಯಿಂದ
ಶನಿವಾರ ಹೇಳಿದಂತೆಯೇ ಮಾಡಿದೆ. ಮೇಕೇರಿಯವರೆಗೆ ಹೋಗಿ ಬಂದು ನಿಲ್ಲಿಸಿದರೆ ಎಡಗನ್ನಡಿಯಿಂದ ಮತ್ತೆ ತೊಟ್ಟಿಕ್ಕುತ್ತಿತ್ತು, ಒರೆಸಿದೆ. ಹಿಂಬಾಗಿಲಿನ ಕಂಡಿಗೆ ಕಡ್ಡಿ ಹಾಕಿದಾಗ ಕೊಳೆತ ಸಿಲ್ವರ್ ಓಕ್ ಎಲೆಯ ಚೂರಿನೊಂದಿಗೆ ಅರ್ಧ ಲೋಟದಷ್ಟು ಕಂದು ನೀರು ಸುರಿಯಿತು! ನಮ್ಮ ಅಂಗಳ ಇಳಿಜಾರು. ಪಕ್ಕದ ಮನೆಯವರನ್ನು ಕೇಳಿ ಅವರ ಕಾಫಿ ಕಣದ ಅಂಚಿನಲ್ಲಿ ಗೇರ್ ಹಾಕಿ, ಕಲ್ಲು ಕೊಟ್ಟು ನಿಲ್ಲಿಸಿದೆ. ಸೋಮವಾರ ಬೆಳಿಗ್ಗೆ ಸದ್ದಿಲ್ಲದೆ ಹೊರಟಿತು. ಬಾನೆಟ್ ಅಂಚಿನಲ್ಲಿ ಎರಡು ಚುಕ್ಕೆ ಉಳಿದಿವೆ, ಇನ್ನೊಮ್ಮೆ ವಿನೆಗರ್ ಹಚ್ಚುತ್ತೇನೆ.