ಸಹಾಯ ಬೇಕು: 21ನೇ ಪ್ರಶ್ನೆಯನ್ನು ಅಜ್ಜಿಗೆ ಹೇಗೆ ಕೇಳಲಿ?

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಬದುಕು ಹೇಗೆ ಸಾಗುತ್ತಿದೆ ಅಂತ ಅಳೆಯುವುದು ನನ್ನ ಪ್ರಾಜೆಕ್ಟ್. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಪಟ್ಟಿ ಬಳಸುತ್ತಿದ್ದೇನೆ. ಕಳೆದ ಎರಡು ವಾರದ ಬಗ್ಗೆ ಕೇಳಬೇಕು, ಪ್ರತಿ ಉತ್ತರಕ್ಕೂ 1ರಿಂದ 5 ಅಂಕ.

ಎಡವಿದ್ದು 21ನೇ ಪ್ರಶ್ನೆಯಲ್ಲಿ. ಲೈಂಗಿಕ ಜೀವನ ಎಷ್ಟು ತೃಪ್ತಿ ಕೊಟ್ಟಿದೆ ಅಂತ ಅದು. ಮೊನ್ನೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿಗೆ ನಾನೇ ಓದಿ ಹೇಳುತ್ತಿದ್ದೆ, ಅವರಿಗೆ ಓದಲು ಬರುವುದಿಲ್ಲ. ಬೆಡ್ಡುಗಳ ನಡುವೆ ಪರದೆ ಇಲ್ಲ. ಮಗ ಕಾಲ ಹತ್ತಿರ ಕೂತಿದ್ದ. ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು, "ಇದೇನವ್ವಾ, ಹಿಂಗ್ ಕೇಳ್ತಿ?" ಅಂತ ನಕ್ಕರು. ಮಗ ಎದ್ದು ಹೊರಗೆ ಹೋದ.

ಬಿಟ್ಟುಬಿಡೋಣ ಅಂದರೆ, ಇದು ಬರುವ ಸಾಮಾಜಿಕ ಸಂಬಂಧದ ಭಾಗದಲ್ಲಿ ಇರುವುದೇ ಮೂರು ಪ್ರಶ್ನೆ. "ಸುಮ್ನೆ 3 ಹಾಕು" ಅಂದರು ಒಬ್ಬರು. ಅದು ಮೋಸ ಅಲ್ವಾ?

ಇನ್ನೊಂದು, 4ನೇ ಪ್ರಶ್ನೆ. ದಿನ ಸಾಗಲು ಚಿಕಿತ್ಸೆ ಎಷ್ಟು ಬೇಕು ಅಂದರೆ ಎಲ್ಲರದ್ದೂ 5. ಮಿಷನ್ ಇಲ್ಲದೆ ಹೇಗೆ ಆಗುತ್ತದೆ ಹೇಳಿ! 3, 4, 26ನೇ ಪ್ರಶ್ನೆಗಳ ಅಂಕ ತಿರುವು ಹಾಕಬೇಕಲ್ಲ (5 ಇದ್ದರೆ 1, 4 ಇದ್ದರೆ 2, ಹೀಗೆ), ಆಗ ಎಲ್ಲರಿಗೂ 1 ಬೀಳುತ್ತದೆ. ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸವೇ ಕಾಣುವುದಿಲ್ಲ.

ಇಂಥ ಸಂದರ್ಶನ ಮಾಡಿದವರು, ಅದರಲ್ಲೂ ಹಳ್ಳಿಯ ಹೆಂಗಸರ ಜೊತೆ ಮಾತಾಡಿದವರು ಇದ್ದರೆ ದಯವಿಟ್ಟು ಹೇಳಿ. 21ನೆಯದನ್ನು ಯಾವ ಮಾತಿನಲ್ಲಿ ಕೇಳಿದಿರಿ? ಮನೆಯವರನ್ನು ಹೊರಗೆ ಕಳಿಸಿದಿರಾ? ಉತ್ತರ ಬರದಿದ್ದಾಗ ಖಾಲಿ ಬಿಟ್ಟು ಲೆಕ್ಕ ಹೇಗೆ ಮಾಡಿದಿರಿ? ಸೋಮವಾರ ಮತ್ತೆ ವಾರ್ಡಿಗೆ ಹೋಗಬೇಕು.